ಕರವಸ್ತ್ರದಲ್ಲಿದ್ದ ಜಡೆ

ಆ ಹುಡುಗಿ ನನಗೆ ಮೊದಲೇ ಹೇಳಿದ್ದಳೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ. ಹೇಳಿದ್ದಳು ಎಂದೇ ಬಹಳ ವರ್ಷ ನಂಬಿದ್ದೆ. ನಂಬಿದಷ್ಟೂ ದೃಶ್ಯ ಸ್ಪಷ್ಟವಾಗುತ್ತ ಹೋಯಿತು. ಬೋರ್‌ವೆಲ್ ಪಕ್ಕದ ಕಲ್ಲುಬೆಂಚಿನ ಮೇಲೆ ಟವೆಲು ಹಿಡಿದು ಕೂತಿದ್ದಾಳೆ, "ಸಾ, ಕೂದ್ಲು ಕತ್ರುಸ್‌ಬ್ಯಾಡ ಅಂದದ ನಮ್ಮಜ್ಜಿ" ಅನ್ನುತ್ತಿದ್ದಾಳೆ. ಆಮೇಲೊಂದು ದಿನ ಹೊಳೆಯಿತು: ಆ ಕಲ್ಲುಬೆಂಚು ಹಾಕಿಸಿದ್ದೇ ಮಾರನೆಯ ವರ್ಷ. ಹಾಗಾದರೆ ಉಳಿದದ್ದರಲ್ಲಿ ನಾನು ಕಟ್ಟಿಕೊಂಡದ್ದು ಎಷ್ಟು?

ಅದು ಟಿ. ನರಸೀಪುರದಿಂದ ಮೂಗೂರಿಗೆ ಹೋಗುವ ರಸ್ತೆಯ ಪಕ್ಕ ಇದ್ದ ಹೆಣ್ಣುಮಕ್ಕಳ ಆಶ್ರಮ. ಸುತ್ತಲಿನವರು ಮಿಷನ್ ಹಾಸ್ಟ್ಲು ಅನ್ನುತ್ತಿದ್ದರು. ನಡೆಸುತ್ತಿದ್ದವರು ಯಾವುದೋ ಚಳಿದೇಶದಿಂದ ಬಂದಿದ್ದ, ಅರವತ್ತರ ಆಸುಪಾಸಿನ ಗಂಡ ಹೆಂಡತಿ. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಕೆಲಸವಿಲ್ಲದೆ ಚಡಪಡಿಸುತ್ತಿದ್ದವನು. ಸಂಜೆ ಮಕ್ಕಳಿಗೆ ಗಣಿತ ಹೇಳಿಕೊಡುವುದು, ಬೇಕಾದಾಗ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ತಲುಪಿಸುವುದು ನನ್ನ ಕೆಲಸ. ಸೇರುವ ದಿನವೇ, ನನಗೆ ನಿಮ್ಮ ದೇವರಲ್ಲೂ ನಂಬಿಕೆಯಿಲ್ಲ, ನಮ್ಮ ಮನೆ ದೇವರಲ್ಲೂ ಇಲ್ಲ ಎಂದು ಹೇಳಿಬಿಟ್ಟಿದ್ದೆ. ಯಜಮಾನರು ಜೀಪಿನ ಬಾನೆಟ್ಟಿನೊಳಗಿಂದ ತಲೆ ಎತ್ತದೆಯೇ, "ಗಣಿತಕ್ಕೆ ನಂಬಿಕೆ ಬೇಡ, ಹಾಜರಿ ಬೇಕು" ಎಂದರು.

ಬೆಳಗಿನ ಪ್ರಾರ್ಥನೆ ಮುಗಿಯುವವರೆಗೆ ನಾನು ಜಗಲಿಯಲ್ಲಿ ಪೇಪರ್ ಓದುತ್ತ ಕೂರುತ್ತಿದ್ದೆ. ಆಮೇಲೆ ಅಡುಗೆಮನೆಯಲ್ಲಿ ಯಜಮಾನರ ಹೆಂಡತಿ ಮುದ್ದೆ ತಿರುವಲು ಹೋಗಿ ಗಂಟು ಮಾಡಿಕೊಂಡು, ಮಕ್ಕಳೆಲ್ಲ ಬಾಗಿಲಲ್ಲಿ ನಿಂತು ನಗುವುದು. ಮಕ್ಕಳು ಆಕೆಯನ್ನು ದೊಡ್ಡಮ್ಮ ಅನ್ನುತ್ತಿದ್ದರು. ಅಮ್ಮ ಅನ್ನುವುದು ಬೇಡ, ಎಷ್ಟೋ ಮಕ್ಕಳಿಗೆ ಎಲ್ಲೋ ಒಬ್ಬ ಅಮ್ಮ ಇದ್ದಾಳೆ ಎಂದು ಆಕೆಯೇ ತೀರ್ಮಾನಿಸಿದ್ದು. ಶನಿವಾರ ಮಧ್ಯಾಹ್ನ ತಲೆ ನೋಡುವ ಸರದಿ. ಹೇನಿನ ಬಾಚಣಿಗೆ, ಬೇವಿನೆಣ್ಣೆ ಇಟ್ಟುಕೊಂಡು ದೊಡ್ಡಮ್ಮ ಕೂತರೆ ಬಿಸಿಲಿಳಿಯುವವರೆಗೂ ಏಳುತ್ತಿರಲಿಲ್ಲ.

ಆ ವರ್ಷ ಸೇರಿದ ನಾಲ್ಕನೇ ಕ್ಲಾಸಿನ ಹುಡುಗಿಗೆ ಸೊಂಟದವರೆಗೆ ಕೂದಲು. ಹೇನು ಕಡಿದು ನೆತ್ತಿಯೆಲ್ಲ ಹುಣ್ಣು. ಎರಡು ವಾರ ಎಣ್ಣೆ ಹಚ್ಚಿಯೂ ಕಡಿಮೆಯಾಗಲಿಲ್ಲ. ದೊಡ್ಡಮ್ಮ ಕತ್ತರಿ ಹಿಡಿದು, "ಇವಳಿಗೆ ಒಪ್ಪಿಗೆಯೇ, ಕೇಳಿ" ಎಂದು ನನಗೆ ಹೇಳಿದರು. ಹುಡುಗಿ ಏನಂದಳೋ ನೆನಪಿಲ್ಲ. ನಾನು "ಒಪ್ಪಿಗೆ" ಎಂದದ್ದು ಮಾತ್ರ ನೆನಪಿದೆ. ಅದರಲ್ಲಿ ಅನುಮಾನವಿಲ್ಲ.

ಮಕ್ಕಳನ್ನು ನೋಡಲು ಮನೆಯವರು ಬರುವ ಭಾನುವಾರ ಅವಳ ಅಜ್ಜಿ ಮುಡುಕುತೊರೆ ಕಡೆಯಿಂದ ಬಸ್ಸಿನಲ್ಲಿ ಬಂದರು, ಕೈಯಲ್ಲಿ ಒಂದು ಚೀಲ ಕಡಲೇಕಾಯಿ. ಜಡೆ ಹೋಗಿ ಕಿವಿಯವರೆಗೆ ಮಾತ್ರ ಕೂದಲು ಉಳಿದಿದ್ದ ಮೊಮ್ಮಗಳನ್ನು ನೋಡಿ ಚೀಲ ಕೆಳಗಿಟ್ಟರು.

"ಯಾರ್ ಮುಟ್ಟುದ್ರು ಈ ತಲೆಯ?"

ಅಜ್ಜಿ ನನ್ನ ಕಡೆ ತಿರುಗಿದರು.

"ಕಾಮಾಲೆ ಬಂದು ಮೊಗ ಉಳಿಯಕಿಲ್ಲ ಅಂದಿದ್ರು ಸಾ. ನಂಜುಂಡಪ್ಪಂಗೆ ಮುಡಿ ಕೊಡ್ತೀನಿ ಅಂತ ಏಳ್ಕೊಂಡಿದ್ದೆ. ಅಲ್ಲೀಗಂಟ ಕತ್ರಿ ಸೋಕುಸ್‌ಬಾರ್ದು ಅಂತ ಇವಳಿಗೆ ನೂರ್ ಸಲ ಏಳಿವ್ನಿ. ಇನ್ನೇನೈತೆ ಇಲ್ಲಿ. ನನ್ ಮೊಗ ನಂಗೆ ಕೊಡಿ, ಕರ್ಕೊಂಡೋಯ್ತೀನಿ."

ಊರಿಗೆ ಹೋದರೆ ಅವಳ ಓದು ಅಲ್ಲಿಗೆ ಮುಗಿಯುತ್ತಿತ್ತು. ಮನೆಯಲ್ಲಿ ಕುರಿಗಳಿದ್ದವು, ಕಾಯಲು ಜನವಿರಲಿಲ್ಲ.

ಅಜ್ಜಿಯ ಮಾತನ್ನು ಒಂದಕ್ಷರ ಬಿಡದೆ ದೊಡ್ಡಮ್ಮನಿಗೆ ಹೇಳಿದೆ. ಹುಡುಗಿ ಬಹುಶಃ ಬೇಡವೆಂದಿದ್ದಳು, ನಾನೇ ಅದನ್ನು ಮೂಢನಂಬಿಕೆ ಎಂದು ನುಂಗಿಕೊಂಡೆ ಅಂತಲೂ ಹೇಳಿದೆ. ಆಕೆ ನನ್ನನ್ನು ಬೈಯಲಿಲ್ಲ. ಒಳಗೆ ಹೋಗಿ ಬೀರುವಿನಿಂದ ಒಂದು ಬಿಳಿ ಕರವಸ್ತ್ರ ತಂದು ಅಜ್ಜಿಯ ಮುಂದೆ ಬಿಚ್ಚಿದರು. ಅದರಲ್ಲಿ ಇಡೀ ಜಡೆ ಇತ್ತು, ತುದಿಯ ಕೆಂಪು ರಿಬ್ಬನ್ನಿನ ಸಮೇತ. ಆಕೆಯ ಊರಿನಲ್ಲಿ ತಾಯಂದಿರು ಮಗುವಿನ ಮೊದಲ ಕೂದಲನ್ನು ಬೈಬಲಿನ ಜೊತೆ ಎತ್ತಿಡುತ್ತಾರಂತೆ. ಎಸೆಯಲು ಮನಸ್ಸಾಗಲಿಲ್ಲವಂತೆ.

ಅಜ್ಜಿ ಜಡೆಯನ್ನು ಮೂಸಿ ನೋಡಿದರು. "ತೊಳ್ದೂ ಮಡಗವ್ಳಾ ಈ ಮೇಡಮ್ಮ?"

"ಹೂಂ ಅಜ್ಜಿ, ಎರಡು ಸಲ."

"ಎಲ್ಡ್ ಸಲವಾ. ನನ್ ತಲೇನೇ ನಾ ವಾರುಕ್ಕೊಂದ್ಸಲ ತೊಳ್ಯದು."

ಹುಡುಗಿ ಕಿಸಕ್ಕೆಂದಳು. ಅಜ್ಜಿ ಜಡೆಯನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ, ಇವತ್ತೇ ಮುಡಿ ಮುಟ್ಟಿಸಿದರೆ ಮೊಗ ಇಲ್ಲೇ ಇರಲಿ ಎಂದರು.

ಎಲ್ಲರೂ ಯಜಮಾನರ ಕಡೆ ನೋಡಿದೆವು. ಬೇರೆ ದೇವರ ಹರಕೆಗೆ ಜೀಪು ಓಡಿಸುವುದು ಅವರಿಗೆ ಸಣ್ಣ ಮಾತಾಗಿರಲಿಲ್ಲ. ಕೈಯೊರಸಿಕೊಳ್ಳುತ್ತ ಬಹಳ ಹೊತ್ತು ನಿಂತಿದ್ದು, "ನಾನು ಬರೀ ಡ್ರೈವರ್" ಎಂದು ಕೀ ತೆಗೆದುಕೊಂಡರು. ಅವತ್ತಿನ ಸಂಜೆ ಪ್ರಾರ್ಥನೆಯನ್ನು ದೊಡ್ಡ ಹುಡುಗಿಯರೇ ನಡೆಸಿದರಂತೆ.

ನಂಜನಗೂಡಿನಲ್ಲಿ, ಕಪಿಲೆಯ ದಡದಲ್ಲಿ ಮುಡಿ ತೆಗೆಯುವವರೊಬ್ಬರು ಕರವಸ್ತ್ರ ನೋಡಿ ತಲೆಯಾಡಿಸಿದರು.

"ಇದೇನಜ್ಜಿ, ಪಾರ್ಸಲ್ ತಂದಿದ್ದೀರಾ? ತಲೆ ಮೇಲಿರೋದನ್ನಲ್ವಾ ಕೊಡೋದು."

"ಮಿಕ್ಕಿದ್ದೂ ತಲೆ ಮೇಲೇ ಅದಲ್ಲಪ್ಪ. ಅದ್ನೂ ಬೋಳ್ಸು, ಎಲ್ಡನ್ನೂ ಸೇರ್ಸು."

ಹುಣ್ಣುಗಳನ್ನು ತಪ್ಪಿಸಿ ಅವರು ನಾಜೂಕಾಗಿ ಬೋಳಿಸಿದರು. ಆ ಹೊತ್ತಿನಲ್ಲಿ ದೊಡ್ಡಮ್ಮ ಮೇಲಿನ ಮೆಟ್ಟಿಲಲ್ಲಿ ಚಪ್ಪಲಿ ಹಿಡಿದು ನಿಂತಿದ್ದರೋ, ನೀರಿಗಿಳಿದು ಹುಡುಗಿಯ ಕೈ ಹಿಡಿದಿದ್ದರೋ? ಎರಡೂ ಚಿತ್ರ ನನ್ನಲ್ಲಿವೆ. ಎರಡೂ ನಿಜವಾಗಿರಲಾರವು.

ಬೋಳು ತಲೆಗೆ ಗಂಧ ಹಚ್ಚಿಸಿಕೊಂಡ ಹುಡುಗಿ ಜೀಪು ಹತ್ತುವಾಗ ಅಳತೊಡಗಿದಳು. "ನಾ ನಾಳ ಇಸ್ಕೂಲ್ಗೆ ಓಗಲ್ಲ. ಎಲ್ರೂ ಗುಂಡು ಗುಂಡು ಅಂತಾರ."

"ಓಗ್ದಿದ್ರ ಬ್ಯಾಡ ಬುಡು," ಎಂದರು ಅಜ್ಜಿ. "ಕುರಿ ಏನೂ ಅನ್ನಕಿಲ್ಲ, ನಡಿ ಊರ್ಗೆ."

ಇಷ್ಟೆಲ್ಲ ಮಾಡಿಯೂ ಕೊನೆಗೆ ಕುರಿಗಳೇ ಗೆಲ್ಲುತ್ತವಲ್ಲ ಅಂತ ನನಗನ್ನಿಸಿತು. ದೊಡ್ಡಮ್ಮ ಖಾಲಿಯಾದ ಕರವಸ್ತ್ರವನ್ನು ಒದರಿ ಹುಡುಗಿಯ ತಲೆಗೆ ಕಟ್ಟಿದರು. ತಮ್ಮ ಸೆರಗನ್ನೂ ತಲೆ ಮೇಲೆ ಎಳೆದುಕೊಂಡು, ತಮ್ಮ ಪುಸ್ತಕದ ಕನ್ನಡದಲ್ಲಿ, "ನಾಳೆ ಶಾಲೆಯ ಬಾಗಿಲವರೆಗೆ ನಾನೂ ಬರುತ್ತೇನೆ. ಮೊದಲು ನನ್ನನ್ನು ನೋಡಿ ನಗಲಿ" ಎಂದರು. ಹುಡುಗಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅಜ್ಜಿ ಕಡಲೇಕಾಯಿ ಬಿಡಿಸಿ ಎಲ್ಲರಿಗೂ ಕೊಟ್ಟರು, ಡ್ರೈವರಿಗೆ ಒಂದು ಹಿಡಿ ಜಾಸ್ತಿ.

ಮಾರನೆಯ ದಿನ ನಾನು ಮೈಸೂರಿಗೆ ಹೋಗಿದ್ದೆ. ಹಾಗಾಗಿ ಸೋಮವಾರ ನಾನು ಕಂಡದ್ದಲ್ಲ. ಆ ಹುಡುಗಿ ಈಗ ನರ್ಸಿಂಗ್ ಓದುತ್ತಿದ್ದಾಳೆ. ಈಚೆಗೆ ಸಿಕ್ಕಾಗ, ಅವತ್ತು ಕೂದಲು ಕತ್ತರಿಸಬೇಡಿ ಅಂತ ನೀನು ನನಗೆ ಹೇಳಿದ್ದೆಯಾ ಎಂದು ಕೇಳಿದೆ. "ನಂಗೆ ಹೇನು ಕಡಿದಿದ್ದು ಬಿಟ್ರೆ ಏನೂ ನೆನಪಿಲ್ಲ ಸಾ" ಎಂದು ನಕ್ಕಳು.

ಹೋದ ತಿಂಗಳು ಆ ಶಾಲೆಗೆ ಹೋಗಿದ್ದೆ. ಮುಖ್ಯೋಪಾಧ್ಯಾಯಿನಿ ಹಳೆಯ ಕಟ್ಟುಗಳ ಧೂಳು ಒದರಿ ಆ ವರ್ಷದ ಹಾಜರಿ ಪುಸ್ತಕ ತೆಗೆದುಕೊಟ್ಟರು. ನಾಲ್ಕನೇ ಕ್ಲಾಸು, ಆ ಸೋಮವಾರ: ಅವಳ ಹೆಸರಿನ ಮುಂದೆ ಹಾಜರಿ ಇದೆ.