ಗೇಟಿನಿಂದ ಕಟ್ಟೆಯವರೆಗೆ

ನಮ್ಮ ಮನೆ ಇರುವುದು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಪಕ್ಕ, ಗುಡ್ಡದ ಬುಡದಲ್ಲಿ. ಗೇಟು ರಸ್ತೆಯ ಮಟ್ಟದಲ್ಲಿದೆ, ಮನೆಯ ಕಟ್ಟೆ ಅದಕ್ಕಿಂತ ಆಳೆತ್ತರ ಮೇಲೆ. ನಡುವೆ ಹದಿನಾಲ್ಕು ಹೆಜ್ಜೆಯ ಏರು, ನುಣ್ಣನೆಯ ಚಪ್ಪಡಿ ಕಲ್ಲು ಹಾಸಿದ್ದು. ಅವ್ವ ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಹತ್ತುತ್ತಿದ್ದ ಕಾಲದಲ್ಲಿ ಅದು ಏರು ಎಂದು ಯಾರಿಗೂ ಅನಿಸಿರಲಿಲ್ಲ.

ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅವ್ವ ವಾಕರ್ ಹಿಡಿದು ಮನೆಯೊಳಗೆ ನಡೆಯುತ್ತಾಳೆ. ಏರು ಇಳಿಯಲಾರಳು. ಶಸ್ತ್ರಚಿಕಿತ್ಸೆಯ ನಂತರ ಮೊದಲ ಸಲ ಡಾಕ್ಟರಿಗೆ ತೋರಿಸಲು ಹೊರಟಾಗ ನಾನು ಮತ್ತು ಅಕ್ಕಪಕ್ಕದ ಮೂವರು ಅವಳನ್ನು ಪ್ಲಾಸ್ಟಿಕ್ ಕುರ್ಚಿ ಸಮೇತ ಎತ್ತಿ ರಸ್ತೆಯಲ್ಲಿದ್ದ ಆಟೊವರೆಗೆ ತಂದೆವು. ಅಷ್ಟು ದೂರವೂ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಮನೆಗೆ ಮರಳಿದ ಮೇಲೆ ಹೇಳಿದ್ದು ಇಷ್ಟೇ:

"ಹಿಂಗ ನಾಕು ಮಂದಿ ಹೊತ್ಕೊಂಡು ಹೋಗೋದು ಒಮ್ಮೆ ಐತಿ. ಅದು ಬಂದಾಗ ಹೊರ್ರಿ. ಈಗ ಬ್ಯಾಡ."

ಮುಂದಿನ ತಪಾಸಣೆಯ ದಿನ ಬಂತು, ದಾಟಿತು. ಅವ್ವ ಕುರ್ಚಿ ಹತ್ತಲಿಲ್ಲ. ಕಟ್ಟೆಯ ತನಕ ಬರುವ ಕಾರು ಬೇಕು ಎಂದು ನಾವು ತೀರ್ಮಾನಿಸಿದ್ದು ಆ ವಾರ.

ನೋಡಿದ್ದು ಮೂರು ಕಾರು. ಮೊದಲನೆಯದು ಉದ್ದ, ತಗ್ಗು. ಏರು ಮುಗಿದು ಕಟ್ಟೆಯ ಮುಂದಿನ ಸಮತಟ್ಟು ಶುರುವಾಗುವ ಕಡೆ ಅದರ ಹೊಟ್ಟೆ ಕಲ್ಲಿಗೆ ತಾಗಿ ಕರ್ರ್ ಎಂದಿತು. ಎರಡನೆಯದು ದೊಡ್ಡ ಗಾಡಿ, ಹತ್ತುವುದರಲ್ಲಿ ಅನುಮಾನವಿರಲಿಲ್ಲ, ಆದರೆ ಅದು ನಮ್ಮ ಕೈಗೆ ಎಟುಕುವಂಥದ್ದಲ್ಲ. ಉಳಿದದ್ದು ಮೂರನೆಯದು: ಚಿಕ್ಕದು, ನೆಲದಿಂದ ಸಾಕಷ್ಟು ಎತ್ತರದಲ್ಲಿದ್ದದ್ದು, ನಾವು ಕೊಳ್ಳಬಹುದಾದದ್ದು. ಇದು ಹತ್ತದಿದ್ದರೆ ಕಾರಿನ ಮಾತೇ ಮುಗಿಯಿತು.

ಶೋರೂಮಿನಿಂದ ಒಬ್ಬ ಹೆಣ್ಣುಮಗಳು ಕಾರು ತಂದಳು. ಅಂದು ಬೆಳಿಗ್ಗೆ ಅದು ಬರುವ ತುಸು ಮುಂಚೆಯಷ್ಟೇ ಅವ್ವ ಸೊಸೆಗೆ ಹೇಳಿ ಕಟ್ಟೆಯಿಂದ ಗೇಟಿನವರೆಗೂ ನೀರು ಚಿಮುಕಿಸಿ ರಂಗೋಲಿ ಹಾಕಿಸಿದ್ದಳು. "ಗಾಡಿ ಮನೀಗೆ ಬರೋ ಹೊತ್ತಿನ್ಯಾಗ ಅಂಗಳ ಬರಡು ಇರಬಾರ್ದವ್ವ" ಎಂದಿದ್ದಳು. ನಮ್ಮಲ್ಲಿ ಅದು ದಿನದ ರೂಢಿ. ಆ ದಿನ ಒಂದು ಬಕೀಟು ಹೆಚ್ಚು.

ಅಪ್ಪ ಸಂಡೂರಿನ ಗಣಿಗಳಲ್ಲಿ ಟಿಪ್ಪರ್ ಓಡಿಸಿ ನಿವೃತ್ತನಾದವನು. ಖಾಲಿ ಗಾಡಿ ಹತ್ತಿಸಿ ನೋಡುವುದು ಅವನ ದೃಷ್ಟಿಯಲ್ಲಿ ಪರೀಕ್ಷೆಯೇ ಅಲ್ಲ. ಅವ್ವನ ತವರು ಬುಕ್ಕಸಾಗರದಿಂದ ಬಂದಿದ್ದ ಅಕ್ಕಿ ಚೀಲಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ.

"ಅಂಕಲ್, ಸೀಟು ಹೊಸಾದೈತಿ" ಎಂದಳು ಶೋರೂಮಿನವಳು.

"ಮಂದಿ ಕುಂತಂಗ ತಿಳ್ಕೋ ತಂಗಿ. ಅಕ್ಕಿ ಮಾತಾಡಂಗಿಲ್ಲ, ಅಷ್ಟ ಫರಕು."

ನನ್ನ ಹೆಂಡತಿ ಸ್ಟೀರಿಂಗ್ ಹಿಡಿದಳು. ಮನೆಯಲ್ಲಿ ಕಾರು ಓಡಿಸಲು ಚೆನ್ನಾಗಿ ಬರುವುದು ಅವಳಿಗೇ. ಅಪ್ಪ ಅವಳ ಪಕ್ಕ ಕೂತ. ನಾನು ಗೇಟಿನ ಹೊರಗೆ ರಸ್ತೆ ಕಾಯಲು ನಿಂತೆ, ಶೋರೂಮಿನವಳು ನನ್ನ ಪಕ್ಕ. ಅವ್ವ ಕಟ್ಟೆಯ ಮೇಲೆ ಕುರ್ಚಿಯಲ್ಲಿದ್ದಳು.

ಕಾರು ಅರ್ಧ ಏರು ಹತ್ತಿತು. ಅಲ್ಲಿ ಮುಂದಿನ ಗಾಲಿಗಳು ಇದ್ದಲ್ಲೇ ತಿರುಗತೊಡಗಿದವು. ಎಂಜಿನ್ ಅರಚಿತು. ಬ್ರೇಕಿನ ಕೆಂಪು ದೀಪ ಹೊತ್ತಿಕೊಂಡಿತು, ಗಾಲಿಗಳು ನಿಂತವು, ಆದರೆ ಕಾರು ನಿಲ್ಲಲಿಲ್ಲ. ನಿಂತ ಗಾಲಿಗಳ ಮೇಲೆಯೇ ಹಿಂದಕ್ಕೆ ಜಾರಿತು.

ಸಂಡೂರಿನ ಕಡೆಯಿಂದ ಅದಿರು ತುಂಬಿದ ಟಿಪ್ಪರ್ ಬರುತ್ತಿತ್ತು. ನಾನು ಎರಡೂ ಕೈ ಎತ್ತಿ ರಸ್ತೆಗೆ ಇಳಿದೆ. ಟಿಪ್ಪರ್ ಹಾರ್ನ್ ಬಿಡದೆ ಬಾರಿಸುತ್ತ ವೇಗ ತಗ್ಗಿಸಿತು, ನನ್ನಿಂದ ನಾಲ್ಕು ಮಾರು ಆಚೆ ನಿಂತಿತು. ತಿರುಗಿ ನೋಡಿದಾಗ ಕಾರಿನ ಹಿಂಭಾಗ ಗೇಟು ದಾಟಿ ರಸ್ತೆಗೆ ಬಂದು ನಿಂತಿತ್ತು.

ಟಿಪ್ಪರ್ ಚಾಲಕ ಕಿಟಕಿಯಿಂದ ತಲೆ ಹೊರಹಾಕಿದ. "ಏನ್ರಿ ಅಣ್ಣಾರ, ನಿಮ್ಮ ಮನ್ಯಾಗ ದಿಬ್ಬ ಹಿಂದಕ್ಕ ಹತ್ತತಾರೇನ್ರಿ?"

ಅವನು ಬಳಸಿಕೊಂಡು ಹೋದ. ಹೆಂಡತಿ ಸ್ಟೀರಿಂಗ್‌ನಿಂದ ಕೈ ತೆಗೆದಿರಲಿಲ್ಲ. ಮೇಲಿನಿಂದ ಅವ್ವನ ದನಿ ಕೇಳಿತು.

"ಬಿಡ್ರಿ. ಗಾಡಿ ವಾಪಸ್ ಕಳಿಸ್ರಿ. ನಾ ಮನ್ಯಾಗ ಆರಾಮ ಅದೀನಿ."

ಮೂರು ಕಾರುಗಳ ವಿವರ ಬರೆದಿದ್ದ ಪುಟ ನನ್ನ ಜೇಬಿನಲ್ಲಿತ್ತು. ಅದನ್ನು ತೆಗೆದು ಮೂರನೆಯದರ ಮೇಲೂ ಗೆರೆ ಎಳೆದೆ. ಕಣ್ಣಾರೆ ಕಂಡಿದ್ದನ್ನು ದಾಖಲಿಸುತ್ತಿದ್ದೇನೆ ಎಂದೇ ನಂಬಿದ್ದೆ.

ಅಪ್ಪ ಕಾರಿನಿಂದ ಇಳಿದು ಮುಂದಿನ ಗಾಲಿಯ ಬಳಿ ಕುಕ್ಕರುಗಾಲಲ್ಲಿ ಕೂತ. ಟೈರನ್ನು ಹೆಬ್ಬೆರಳಿನಿಂದ ಒರೆಸಿ, ಬೆರಳನ್ನು ನನ್ನ ಮುಂದೆ ಹಿಡಿದ. ಕೆಂಪು ಕೆಸರು, ಬೆಣ್ಣೆಯಂತೆ ನುಣುಪು.

"ಏನಿದು ಹೇಳು."

"ಅದಿರಿನ ಧೂಳು."

"ಧೂಳಲ್ಲ. ಧೂಳಿಗೆ ನೀರು ಬಿದ್ದಿದ್ದು." ಅವನು ಎದ್ದು ನಿಂತ. "ಗಣಿಯಾಗ ಧೂಳು ಏಳಬಾರ್ದಂತ ಟ್ಯಾಂಕರ್ ನೀರು ಹೊಡಕೋತ ಹೋಗ್ತಿತ್ತು. ಅದು ಹೋದ ಮ್ಯಾಲ ಅರ್ಧ ತಾಸು ನಾವು ಯಾರೂ ದಿಬ್ಬಕ್ಕ ಗಾಡಿ ಬಿಡ್ತಿದ್ದಿಲ್ಲ. ನಲವತ್ತು ವರ್ಷ ಅದ ಕೆಲಸ ಮಾಡಿ, ಇವತ್ತು ನನ್ನ ಮನೀ ಮುಂದ ಮರತೆ."

ರಸ್ತೆಯಲ್ಲಿ ಟಿಪ್ಪರ್‌ಗಳು ಓಡುವಷ್ಟು ದಿನವೂ ನಮ್ಮ ಚಪ್ಪಡಿಗಳ ಮೇಲೆ ಆ ಧೂಳು ಕೂರುತ್ತದೆ. ಗುಡಿಸಿದರೂ ಮಧ್ಯಾಹ್ನಕ್ಕೆ ಮತ್ತೆ ಇರುತ್ತದೆ. ನೀರು ಚಿಮುಕಿಸುವುದು ಅದನ್ನು ಅಡಗಿಸಲಿಕ್ಕೂ ಹೌದು. ಕಾರು ಜಾರಿದ್ದು ತನ್ನ ಸ್ವಾಗತಕ್ಕೆಂದೇ ಹಾಕಿದ ನೀರಿನ ಮೇಲೆ. ನೀರು ಯಾರು ಹಾಕಿಸಿದ್ದು ಎಂಬ ಮಾತನ್ನು ಹೆಂಡತಿ ಎತ್ತಲಿಲ್ಲ. ಅವ್ವನೇ ಎತ್ತಿದಳು.

"ನೀರು ನಾನ ಹಾಕ್ಸಿದ್ದು."

"ಗೊತ್ತೈತಿ ಬಿಡು" ಎಂದ ಅಪ್ಪ. "ನಿನ್ನ ಹೆಸರು ಪೇಪರ್‌ನ್ಯಾಗ ಹಾಕಸಂಗಿಲ್ಲ."

ಶೋರೂಮಿನವಳು ಫೋನಿನಲ್ಲಿ ಯಾರಿಗೋ ಸಬೂಬು ಹೇಳುತ್ತಿದ್ದಳು. ಕಾರು ಒಂದು ತಾಸಿನೊಳಗೆ ವಾಪಸಾಗಬೇಕಿತ್ತು. ನಾನೂ ಹೆಂಡತಿಯೂ ಚಪ್ಪಡಿಗಳನ್ನು ಉಜ್ಜಿ ತೊಳೆದೆವು, ಹಳೆಯ ಗೋಣಿಚೀಲದಿಂದ ಒರೆಸಿದೆವು, ಬಿಸಿಲು ಉಳಿದದ್ದನ್ನು ಹೀರುವವರೆಗೆ ಕಾದೆವು. ಅಪ್ಪ ಗಾಲಿಗಳನ್ನು ತಾನೇ ತೊಳೆದ. ಆಮೇಲೆ ಬರಿಗಾಲಲ್ಲಿ ಏರಿನ ಉದ್ದಕ್ಕೂ ನಡೆದು ಪಾದದಿಂದ ತಿಕ್ಕಿ ನೋಡಿ, "ಈಗ ಬಿಡವ್ವ" ಎಂದು ಸೊಸೆಯ ಪಕ್ಕ ಹತ್ತಿ ಕೂತ.

ನಾನು ಮತ್ತೆ ರಸ್ತೆ ಕಾಯುತ್ತ ನಿಂತೆ. ಈ ಸಲ ಬೆನ್ನು ರಸ್ತೆಗಿತ್ತು, ಹಾಗೆ ನಿಲ್ಲಬಾರದೆಂದು ಗೊತ್ತಿದ್ದೂ. ಮೊದಲ ಸಲ ಗಾಲಿ ಜಾರಿದ್ದ ಚಪ್ಪಡಿಯ ಬಳಿ ಹೆಂಡತಿ ಬೇಕೆಂದೇ ಬ್ರೇಕ್ ಹಾಕಿದಳು. ಕಾರು ನಿಂತಿತು, ಜಾರಲಿಲ್ಲ. ಅಲ್ಲಿಂದ ಹೊರಟು ಕಟ್ಟೆ ಮುಟ್ಟಿತು. ಹೊಟ್ಟೆ ಎಲ್ಲೂ ತಾಗಲಿಲ್ಲ.

"ಅಕ್ಕಿ ಇಳಸ್ರಿ" ಎಂದಳು ಅವ್ವ. "ನಾ ಕುಂದರ್ತೀನಿ."

ಅಪ್ಪ ಹಿಂದಿನ ಸೀಟಿಗೆ ಹೋದ. ಒಂದು ಚೀಲ ಇಳಿಸಿ ಜಾಗ ಮಾಡಿಕೊಂಡ. ಅವ್ವ ವಾಕರ್ ಬಿಟ್ಟು, ಬಾಗಿಲು ಹಿಡಿದು ಮುಂದಿನ ಸೀಟಿನಲ್ಲಿ ಕೂತಳು. ಕಾರು ಮೆಲ್ಲಗೆ ಇಳಿಯಿತು. ಗೇಟಿನ ಬಳಿ ಶೋರೂಮಿನವಳು ಕೈ ಅಡ್ಡ ಹಿಡಿದಳು. "ಅಮ್ಮಾರ, ಇಲ್ಲೀತನಕ ಅಷ್ಟ. ಟೈಮ್ ಆಗೈತಿ."

"ಹೌದವ್ವ, ವಾಪಸ್ ಹತ್ತೋಣು" ಎಂದಳು ಅವ್ವ. "ಒಂದೀಟು ನಿಂದ್ರು."

ಅವಳು ಗಾಜು ಇಳಿಸಲು ಹೇಳಿದಳು. ಎರಡು ಟಿಪ್ಪರ್, ಒಂದು ಬಸ್ಸು, ಹುಲ್ಲು ಹೇರಿದ ಟ್ರ್ಯಾಕ್ಟರ್ ಹೋಗುವವರೆಗೆ ರಸ್ತೆಯನ್ನು ನೋಡುತ್ತ ಕೂತಳು. ಸೆರಗು ಹೆಗಲ ಮೇಲೆಯೇ ಇತ್ತು. ಆಮೇಲೆ ಕಾರು ಅವಳನ್ನು ಕೂರಿಸಿಕೊಂಡು ಏರು ಹತ್ತಿತು.

ನಾನು ಪುಟ ತೆಗೆದು, ಮೂರನೆಯ ಹೆಸರನ್ನು ಎಳೆದ ಗೆರೆಯ ಪಕ್ಕದಲ್ಲಿ ಇನ್ನೊಮ್ಮೆ ಬರೆದೆ.

ಮರುದಿನ ಬೆಳಿಗ್ಗೆ ಹೆಂಡತಿ ಬಕೀಟು ಹಿಡಿದು ಹೊರಬಂದಾಗ ಅವ್ವ ಬಾಗಿಲಲ್ಲಿ ವಾಕರ್ ಹಿಡಿದು ನಿಂತಿದ್ದಳು. "ಕಟ್ಟೀ ಮ್ಯಾಲ ಅಷ್ಟ ಹಾಕು" ಎಂದಳು. "ಕೆಳಗ ಕಸಬರಿಗಿ ಸಾಕು."