ಭಾವನ ಎಡಗೈ, ನನ್ನ ಬಲಗೈ

ಮನೆ ಬದಲಾಯಿಸುವಾಗ ಹಳೆಯ ಬಟ್ಟೆಗಳ ನಡುವೆ ಒಂದು ಸಿ.ಡಿ. ಡಬ್ಬಿ ಸಿಕ್ಕಿತು. ಮುಚ್ಚಳದ ಮೇಲೆ ನೀಲಿ ಇಂಕಿನಲ್ಲಿ ಸೊಟ್ಟಸೊಟ್ಟ ತೆಲುಗು ಅಕ್ಷರಗಳು. ಒಂದನೇ ತರಗತಿಯ ಮಗು ಬರೆದಂತಿವೆ. ಅದು ನನ್ನ ಭಾವನ ಕೈಬರಹ. ಎಡಗೈಯಲ್ಲಿ ಬರೆಯುವುದನ್ನು ಅವರು ಕಲಿತದ್ದು ಮೂವತ್ತೆಂಟನೇ ವಯಸ್ಸಿನಲ್ಲಿ.

ನಾವು ಬಳ್ಳಾರಿಯವರು. ಅಕ್ಕ ಮದುವೆಯಾಗಿ ಹೋದದ್ದು ವಿಶಾಖಪಟ್ಟಣದ ಪೆಂಡುರ್ತಿಗೆ, ತೆಲುಗಿನವರ ಮನೆಗೆ. 2015ರಲ್ಲಿ ಅಚ್ಯುತಾಪುರಂನ ಒಂದು ಕಾರ್ಖಾನೆಯಲ್ಲಿ ಭಾವನ ಬಲಗೈ ಯಂತ್ರಕ್ಕೆ ಸಿಕ್ಕಿತು. ಮಣಿಕಟ್ಟಿನವರೆಗೆ ತೆಗೆಯಬೇಕಾಯಿತು. ಅಕ್ಕ ಶಾಲೆಯಲ್ಲಿ ಟೀಚರು, ಅವಳ ರಜೆ ಮುಗಿದಿತ್ತು. ಅವಳ ತಂಗಿ ನಾನು ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ. ಭಾವನನ್ನು ನೋಡಿಕೊಳ್ಳಲೆಂದು ಅಪ್ಪ ನನ್ನನ್ನು ರೈಲು ಹತ್ತಿಸಿದರು.

ನಾನು ಹೋದಾಗ ಭಾವ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಮದುವೆಯಲ್ಲಿ ಇಡೀ ಚಪ್ಪರವನ್ನೇ ನಗಿಸಿದ್ದ ಮನುಷ್ಯ... ಅನ್ನ ಕಲಸಿಕೊಟ್ಟರೆ ತಟ್ಟೆ ಹಿಡಿದು ಕೋಣೆಗೆ ಹೋಗಿ, ಭುಜದಿಂದ ಬಾಗಿಲು ದೂಡಿಕೊಳ್ಳುತ್ತಿದ್ದರು. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದಿತ್ತು.

ಒಂದು ಮಧ್ಯಾಹ್ನ ಆ ಕೋಣೆಯಿಂದ ಹೆಣ್ಣೊಬ್ಬಳು ಚೀರಿದ ಸದ್ದು ಕೇಳಿ ಗಾಬರಿಯಿಂದ ಬಾಗಿಲು ತೆಗೆದೆ. ಭಾವ ಹಳೆಯ ಕಂಪ್ಯೂಟರಿನ ಮುಂದೆ ಕೂತಿದ್ದರು. ಅವರು ಕಾಲೇಜಿನಲ್ಲಿದ್ದಾಗ ಆಡುತ್ತಿದ್ದ ಸಾಹಸದ ಆಟ. ಪಾಳುಬಿದ್ದ ನೆಲಮಾಳಿಗೆಗಳಲ್ಲಿ ಒಬ್ಬಳು ಹೆಣ್ಣುಮಗಳು ಹಾರಿ, ಹತ್ತಿ, ದಾರಿ ಹುಡುಕಿಕೊಂಡು ಹೊರಗೆ ಬರಬೇಕು. ಓಡಿಸುವ ಕೀಲಿಗಳು ಕೀಬೋರ್ಡಿನ ಬಲಕ್ಕೆ, ಹಾರಿಸುವ ಕೀಲಿ ಎಡಕ್ಕೆ. ಒಂದೇ ಕೈ ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಅವಳು ಬಿದ್ದು ಸಾಯುತ್ತಿದ್ದಳು. ಬಿದ್ದಾಗಲೆಲ್ಲ ಅದೇ ಚೀರಾಟ.

ನಾನು ಏನೂ ಕೇಳದೆ ಕುರ್ಚಿ ಎಳೆದುಕೊಂಡು ಅವರ ಎಡಕ್ಕೆ ಕೂತು, ಹಾರಿಸುವ ಕೀಲಿಯ ಮೇಲೆ ಬಲಗೈ ಇಟ್ಟೆ. ಒಂದು ಕ್ಷಣ ಅವರು ನನ್ನ ಕೈಯನ್ನೇ ನೋಡಿದರು. ಆಮೇಲೆ ಓಡಿಸತೊಡಗಿದರು. ನಾನು ಮೊದಲೇ ಒತ್ತಿಬಿಟ್ಟೆ, ಅವಳು ಬಿದ್ದಳು. ಮತ್ತೆ ಒತ್ತಿದೆ, ಮತ್ತೆ ಬಿದ್ದಳು.

"ತೊಂದರ ಬೇಡಮ್ಮಾ," ಅಂದರು, ಅಕ್ಕನಿಂದ ಕಲಿತ ತಮ್ಮ ಕನ್ನಡದಲ್ಲಿ.

ನನ್ನಿಂದ ತೊಂದರೆಯಾಯಿತೆಂದು ಎದ್ದುಬಿಟ್ಟೆ. ತೆಲುಗಿನಲ್ಲಿ ತೊಂದರ ಅಂದರೆ ಅವಸರ ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಎದ್ದದ್ದು ಯಾಕೆಂದು ಗೊತ್ತಾದಾಗ ಭಾವ ನಕ್ಕರು. ಅಪಘಾತದ ನಂತರ ಅವರು ನಕ್ಕದ್ದು ಅದೇ ಮೊದಲು ಎಂದು ಅಕ್ಕ ಆಮೇಲೆ ಹೇಳಿದಳು.

ಮಧ್ಯಾಹ್ನಗಳು ಹಾಗೆ ಕಳೆದವು. "ಒಕಟಿ, ರೆಂಡು, ಮೂಡು" ಎಂದು ಅವರು ಎಣಿಸುತ್ತಿದ್ದರು, ಮೂಡು ಅಂದಾಗ ನಾನು ಒತ್ತುತ್ತಿದ್ದೆ. ತಿಂಗಳು ಕಳೆಯುವಷ್ಟರಲ್ಲಿ ಎಣಿಕೆಯೂ ಬೇಕಾಗಲಿಲ್ಲ. ಬಾಗಿಲು ತೆರೆದಿಟ್ಟುಕೊಂಡೇ ಉಣ್ಣತೊಡಗಿದರು. ನೋಟ್‌ಬುಕ್ಕಿನಲ್ಲಿ ಎಡಗೈಯಿಂದ ಅಕ್ಷರ ತಿದ್ದುವುದನ್ನು ಶುರುಮಾಡಿದರು. ಕೊನೆಯ ಹಂತದಲ್ಲಿ ಒಂದು ಆಳದ ಬಾವಿ ಇತ್ತು. ಕೆಳಗಿನಿಂದ ನೀರು ಏರುತ್ತದೆ, ಅಷ್ಟರಲ್ಲಿ ಅವಳು ಗೋಡೆಯ ಚಾಚುಗಲ್ಲುಗಳನ್ನು ಹಿಡಿದು ಮೇಲೆ ಬರಬೇಕು. ಅಲ್ಲಿ ನಾವು ಎಷ್ಟು ಸಲ ಮುಳುಗಿದೆವೋ...

ಅದು ಮುಗಿಯುವ ಮುಂಚೆ ನನಗೆ ವಿಜಯವಾಡದಲ್ಲಿ ಕೆಲಸ ಸಿಕ್ಕಿತು. ಬಂದಾಗ ಮುಗಿಸೋಣ ಎಂದು ಹೇಳಿ ಹೊರಟೆ. ಹಬ್ಬಗಳಿಗೆ ಹೋದರೂ ಎರಡು ದಿನ ನಿಲ್ಲಲಿಲ್ಲ.

2017ರಲ್ಲಿ ಒಂದು ದಿನ ಭಾವನೇ ನನ್ನ ರೂಮಿಗೆ ಬಂದರು. ವಿಜಯವಾಡದ ಪಕ್ಕದ ಕೊಂಡಪಲ್ಲಿಯ ಹತ್ತಿರ ಯಾವುದೋ ಕೆಲಸದ ಸಂದರ್ಶನಕ್ಕೆ ಕರೆದಿದ್ದರಂತೆ. ಚೀಲದಿಂದ ಸಿ.ಡಿ. ತೆಗೆದರು. "ನಿಂದು ಹೊಸ ಲ್ಯಾಪ್‌ಟಾಪ್ ಅಲ್ವಾ ಅಮ್ಮಾ, ಆ ಬಾವಿ ಮುಗಿಸಿಬಿಡೋಣ."

ಹಾಕಿದೆವು. ಪರದೆ ಕಪ್ಪಾಗಿ ಹಾಗೇ ನಿಂತಿತು. ಹಳೆಯ ಆಟ, ಹೊಸ ಯಂತ್ರ.

"ಏನೋ ಸೆಟ್ಟಿಂಗ್ ಇರುತ್ತೆ. ಒಂದು ಗಂಟೆ ಕೂತು ನೋಡೋಣ," ಅಂದರು.

ಸಂಜೆಯೊಳಗೆ ಕಚೇರಿಗೆ ಒಂದು ವರದಿ ಕಳಿಸಬೇಕಿತ್ತು. "ಇನ್ನೊಂದ್ಸಲ ನೋಡೋಣ ಭಾವ," ಅಂದೆ. ಅವರು ಕಾಫಿ ಕುಡಿದರು, ಸಿ.ಡಿ.ಯನ್ನು ಮೇಜಿನ ಮೇಲೆ ಬಿಟ್ಟು ಹೊರಟರು. ನಾನು ಬಸ್ ಸ್ಟಾಪಿನವರೆಗೂ ಹೋಗಲಿಲ್ಲ. ಹೋದ ಕೆಲಸ ಏನಾಯಿತೆಂದು ಕೇಳಲೂ ಇಲ್ಲ. ಕೈ ನೋಡಿ ಬೇಡವೆಂದು ಕಳಿಸಿದ್ದರಂತೆ. ಅಕ್ಕ ಹೇಳಿದ ಮೇಲೆ ತಿಳಿಯಿತು.

ಮುಂದಿನ ವರ್ಷ ಅವರಿಗೆ ಕಾಮಾಲೆ ಬಂತು. ಒಂಬತ್ತೇ ದಿನ. ನನ್ನ ರೈಲು ವಿಶಾಖಪಟ್ಟಣ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಈಗ ನನ್ನ ಬಳಿ ಇರುವ ಕಂಪ್ಯೂಟರಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಆದರೆ ಅದೇ ಆಟವನ್ನು ಹೊಸ ಯಂತ್ರಗಳಿಗೆ ಹೊಂದುವಂತೆ ತಿದ್ದಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಇಳಿಸಿಕೊಂಡು, ಮೂರು ವಾರ ಮೊದಲಿನಿಂದ ಆಡಿಕೊಂಡು ಬಂದೆ. ಕಳೆದ ಭಾನುವಾರ ಬೆಳಿಗ್ಗೆ ಬಾವಿಗೆ ಇಳಿದೆ. ಎರಡೂ ಕೈ ಇರುವವರಿಗೆ ಅದು ಏನೂ ಕಷ್ಟವಲ್ಲ. ನಾಲ್ಕನೇ ಪ್ರಯತ್ನಕ್ಕೆ ಮೇಲೆ ಬಂದುಬಿಟ್ಟೆ. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

"ಆಕಿ ಹೊರಗ ಬಂದ್ಲಾ?" ಎಂದು ಕೇಳಿದಳು.

"ಬಂದ್ಲು ಅಕ್ಕ."

ಅಕ್ಕ ಅಂದಳು: "ನಾನು ಕೂಡ್ತೀನಿ, ಎಲ್ಲಿ ಒತ್ತಬೇಕು ಹೇಳ್ರಿ ಅಂತ ಎಷ್ಟೋ ಸಲ ಅಂದಿದ್ದೆ. ಬ್ಯಾಡ, ನಿನ್ ತಂಗಿ ಬರ್ತಾಳೆ ಅಂದ್ರು."

ಪರದೆಯ ಮೇಲೆ ಆಟ ಮಾಡಿದವರ ಹೆಸರುಗಳು ಒಂದೊಂದಾಗಿ ಮೇಲೇರಿ ಮುಗಿದವು.