ಗಂಗಾಧರಯ್ಯ ಮಾವನ ಸೋಮವಾರದ ಗಾಲ್ಫ್

ಅಜ್ಜಂಪುರದ ದನದ ಸಂತೆಯಲ್ಲಿ ನಮ್ಮ ಸೋದರಮಾವ ಗಂಗಾಧರಯ್ಯನವರು ನಡುವೆ ನಿಲ್ಲದೆ ಒಂದು ಜೊತೆ ಎತ್ತೂ ಮಾರಾಟವಾಗುತ್ತಿರಲಿಲ್ಲ. ಅವರು ದಲ್ಲಾಳಿ. ಕೈಮೇಲೆ ಟವೆಲ್ ಹೊದಿಸಿ, ಅದರಡಿ ಬೆರಳು ಹಿಡಿದು ಬೆಲೆ ತಿಳಿಸುವುದು ಸಂತೆಯ ಪದ್ಧತಿ. ಮಾವನ ಬಾಯಿ ಒಂದು ಹೇಳುತ್ತಿದ್ದರೆ ಟವೆಲ್ಲಿನಡಿಯ ಬೆರಳು ಇನ್ನೊಂದು ಹೇಳುತ್ತಿತ್ತು. ಸಂತೆಯಲ್ಲಿ ಅದನ್ನು ಜಾಣತನ ಅನ್ನುತ್ತಿದ್ದರು. ಮನೆಗೂ ಅದೇ ಜಾಣತನ ತಂದದ್ದು ಅವರ ತಪ್ಪು.

ಕಾಶಮ್ಮತ್ತೆಗೆ ತರೀಕೆರೆಯ ತವರಿನವರು ಒಂದು ಹಸು ಕೊಟ್ಟಿದ್ದರು. ಒಳ್ಳೆ ಗಿರಾಕಿ ಸಿಕ್ಕನೆಂದು ಮಾವ ಅದನ್ನು ಮಾರಿಬಿಟ್ಟು, "ಕಾವಲಿನ ಹುಲ್ಲಿಗೆ ಮೇಯಕ್ಕೆ ಬಿಟ್ಟಿದ್ದೀನಿ" ಅಂದರು. ಮರುವರ್ಷ ಅತ್ತೆ ತವರಿನ ಮದುವೆಗೆ ಹೋದಾಗ, ಯಾರದೋ ಮನೆ ಮುಂದೆ ಕಟ್ಟಿದ್ದ ಅದೇ ಹಸು ಅವರ ದನಿ ಕೇಳಿ ಅಂಬಾ ಅಂದಿತು. ಅತ್ತೆ ಊರಿಗೆ ಬಂದು ಜಗಳವಾಡಲಿಲ್ಲ. ಆಡಿದ್ದರೆ ವಾಸಿಯಿತ್ತು. ಅವತ್ತಿನಿಂದ ಅವರು ಗಂಡನ ಮಾತು ನಂಬುವುದನ್ನೇ ಬಿಟ್ಟರು. ಮಾವ ಬೀರೂರಿಗೆ ಹೋಗಿದ್ದೆ ಅಂದರೆ, ಪಕ್ಕದ ಹೋಟೆಲಿನ ಗಿರಿಯಪ್ಪನನ್ನು ಕರೆದು, "ಹೌದೇನಪ್ಪಾ?" ಎಂದು ಕೇಳುವರು. ಮಾವ ನಗುತ್ತಲೇ ಇರುತ್ತಿದ್ದರು, ಆದರೆ ಆ ನಗು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಎಪ್ಪತ್ತೇಳನೇ ಇಸವಿಯಲ್ಲಿ ಊರಿಗೆ ಶ್ರೀನಿವಾಸಮೂರ್ತಿ ಅನ್ನುವ ದನದ ಡಾಕ್ಟರು ವರ್ಗವಾಗಿ ಬಂದರು. ಹಿಂದೆ ಕಾಫಿ ತೋಟದವರ ಜೊತೆ ಸೇರಿ ಗಾಲ್ಫ್ ಕಲಿತವರು. ಊರಾಚೆಯ ಗೋಮಾಳ ನೋಡಿದ್ದೇ ತಡ, ಅಲ್ಲಲ್ಲಿ ಗುಂಡಿ ತೋಡಿ ಹಾಲಿನಪುಡಿ ಡಬ್ಬಗಳನ್ನು ಹೂತು, ಪಕ್ಕದಲ್ಲಿ ಬಾವುಟ ನೆಟ್ಟರು. ಆಡಲು ಜೊತೆ ಬೇಕಿತ್ತು. ಸೋಮವಾರ ಬಸವಣ್ಣನ ದಿನ, ನಮ್ಮವರು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ವ್ಯಾಪಾರವೂ ಇಲ್ಲ. ಹಾಗಾಗಿ ಮಾವ ಸಿಕ್ಕರು. ಅವರ ಬಾಲವಾಗಿ, ಸ್ಕೂಲು ಮೇಷ್ಟ್ರ ಕೆಲಸಕ್ಕೆ ರಜ ಹಾಕಿ ನಾನೂ ಹೋದೆ.

ಗಾಲ್ಫ್ ಶುರುಮಾಡುವವರಿಗೆ ನನ್ನ ಎರಡು ಮಾತು. ಮೊದಮೊದಲು ಏಟೆಲ್ಲ ಚೆಂಡಿಗಲ್ಲ, ಭೂಮಿತಾಯಿಗೇ ಬೀಳುತ್ತದೆ. ಅಂಗೈ ಬೊಬ್ಬೆಯೇಳುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಹುಡುಕಿದ ಚೆಂಡು ಸಗಣಿಯಲ್ಲಿ ಕೂತಿರುತ್ತದೆ. ಇದನ್ನೆಲ್ಲ ಸಹಿಸಬಹುದು. ಅಷ್ಟು ದೊಡ್ಡದಾಗಿ ಕೋಲು ಬೀಸಿದ ಮೇಲೂ ಚೆಂಡು ಇದ್ದಲ್ಲೇ ಇದ್ದು, ನೋಡುವವರು ಹೋ ಅನ್ನುತ್ತಾರಲ್ಲ, ಅದನ್ನು ನನಗೆ ಸಹಿಸಲಾಗಲಿಲ್ಲ. ತಿಂಗಳೊಳಗೆ ಕೈಮುಗಿದು ನೋಡುವವರ ಸಾಲಿಗೆ ಸೇರಿಕೊಂಡೆ.

ಮಾವ ಚಿನ್ನಿದಾಂಡಿನ ಹಾಗೆ ಬೀಸುತ್ತಿದ್ದರು. ಡಾಕ್ಟರು ತಿದ್ದಿದರು. ತಿದ್ದಲಾಗದ್ದು ಇನ್ನೊಂದಿತ್ತು. ಚೆಂಡು ಕಲ್ಲಿನ ಹತ್ತಿರ ಬಿದ್ದರೆ ಮಾವ ಅದನ್ನು ಕಾಲಲ್ಲೇ ಹುಲ್ಲಿನ ಕಡೆ ತಳ್ಳುವರು.

"ಹಂಗೆ ತಳ್ಳಬಾರದು ಗಂಗಾಧರಯ್ಯನೋರೇ, ಬಿದ್ದ ಕಡೆಯಿಂದಲೇ ಹೊಡೀಬೇಕು" ಅಂದರು ಡಾಕ್ಟರು.

"ದನ ಆದ್ರೂ ಒಳ್ಳೇ ಹುಲ್ಲಿರೋ ಕಡೆ ಕಟ್ತೀವಲ್ಲ ಡಾಕ್ಟ್ರೇ, ಈ ಚೆಂಡೇನು ಪಾಪ ಮಾಡೈತೆ?"

ಡಾಕ್ಟರು ಹೊಟ್ಟೆ ಹಿಡಿದು ನಕ್ಕು, ಆಮೇಲೆ ಹೇಳಿದರು: "ಕಡಿಮೆ ಏಟಲ್ಲಿ ಚೆಂಡನ್ನ ಡಬ್ಬಕ್ಕೆ ಹಾಕಿ ಮುಗಿಸಿದೋರು ಗೆದ್ದಂಗೆ. ನೀವು ಎಷ್ಟು ಹೊಡೆದ್ರಿ ಅಂತ ನೀವೇ ಹೇಳ್ಬೇಕು. ನಾನು ನಿಮ್ಮ ಹಿಂದೆ ಕಾಯ್ಕೊಂಡು ಬರಲ್ಲ."

ದಲ್ಲಾಳಿಗೆ ಇದಕ್ಕಿಂತ ಸುಲಭದ ವ್ಯಾಪಾರ ಬೇಕೆ? ಮಾವ ಒಂಬತ್ತು ಏಟು ಹೊಡೆದು "ಏಳು" ಅನ್ನುವರು. ಡಾಕ್ಟರು "ಸರಿ" ಎಂದು ಮುಂದೆ ನಡೆಯುವರು. ಹುಬ್ಬು ಏರಿಸುವುದಿಲ್ಲ, ಗಿರಿಯಪ್ಪನನ್ನು ಕೇಳುವುದಿಲ್ಲ. ಕೆಲವು ಸೋಮವಾರ ಹೀಗೇ ನಡೆಯಿತು. ಒಂದು ದಿನ ವಾಪಸು ಬರುವಾಗ ಮಾವ ಇದ್ದಕ್ಕಿದ್ದಂತೆ ನಿಂತು, "ಅವನು ಸರಿ ಅಂತಾನಲ್ಲ ಕಣೋ, ಅದು ನಂಗೆ ಆಯ್ತಾ ಇಲ್ಲ. ಬೈದ್ರೆ ತಡಕೋಬೋದಿತ್ತು" ಅಂದರು. ಮುಂದಿನ ವಾರದಿಂದ ಒಂಬತ್ತಕ್ಕೆ ಒಂಬತ್ತೇ ಅಂದರು. ವಾರವಾರವೂ ಸೋತರು. ಸಂತೆಯ ದಲ್ಲಾಳಿತನ ಬಿಟ್ಟರೆಂದು ಬರೆದರೆ ನಾನು ಸುಳ್ಳನಾಗುತ್ತೇನೆ. ಆದರೆ ಗೋಮಾಳದಲ್ಲಿ ಅವರದು ಒಂದೇ ನಾಲಿಗೆ.

ಎರಡು ವರ್ಷ ಕಳೆಯುವಷ್ಟರಲ್ಲಿ ಮಾವನ ಕೈ ಕುದುರಿತ್ತು, ಡಾಕ್ಟರಿಗೆ ವರ್ಗವೂ ಬಂದಿತ್ತು. ಕೊನೆಯ ಸೋಮವಾರದ ಆಟಕ್ಕೆ ಹೊರಡುವಾಗ ಮಾವ ಬಾಗಿಲಲ್ಲಿ ನಿಂತು, "ಕಾಶೀ, ಇವತ್ತು ಗೆದ್ದು ಬತ್ತೀನಿ ಕಣೇ" ಅಂದರು. ಅತ್ತೆ ರಾಗಿ ಕೇರುತ್ತಿದ್ದರು. ಮೊರದಿಂದ ತಲೆಯೆತ್ತದೆ, "ಗಿರಿಯಪ್ಪ ಹೇಳ್ತಾನೆ ಬಿಡ್ರಿ" ಅಂದರು.

ಕೊನೆಯ ಡಬ್ಬದ ಹತ್ತಿರ ಬರುವಾಗ ಇಬ್ಬರದೂ ಸಮಸಮ ಇತ್ತು. ಮಾವನ ಚೆಂಡು ಲಂಟಾನದ ಪೊದೆಯ ಹಿಂದೆ ಹೋಯಿತು. ಡಾಕ್ಟರು, ಆಟ ನೋಡಲು ಬಂದಿದ್ದ ಗಿರಿಯಪ್ಪ, ನಾನು ಎಲ್ಲರೂ ಈಚೆ ಇದ್ದೆವು, ಮಾವ ನಮಗೆ ಕಾಣುತ್ತಲೂ ಇರಲಿಲ್ಲ. ಚೆಂಡು ಹಾರಿ ಬಂದು ಬಾವುಟದ ಬುಡದಲ್ಲೇ ನಿಂತಿತು. ಗಿರಿಯಪ್ಪ ಸಿಳ್ಳೆ ಹಾಕಿದ. ಡಾಕ್ಟರಿಗೆ ಬಾವುಟದ ಹತ್ತಿರ ಬರಲು ಒಂದು ಏಟು ಹೆಚ್ಚೇ ಬೇಕಾಯಿತು. ಆಮೇಲೆ ಇಬ್ಬರೂ ಒಂದೊಂದೇ ಏಟಿಗೆ ಡಬ್ಬಕ್ಕೆ ಹಾಕಿದರು. ಲೆಕ್ಕಕ್ಕೆ ಮಾವ ಒಂದು ಏಟಿನಿಂದ ಗೆದ್ದಿದ್ದರು. ಡಾಕ್ಟರು ಕೈಕುಲುಕಲು ಬಂದರು.

ಮಾವ ಕೈ ಕೊಡಲಿಲ್ಲ. "ನಂಗೆ ಎರಡು ಏಟು ಜಾಸ್ತಿ ಹಾಕ್ಕಳ್ರಿ ಡಾಕ್ಟ್ರೇ. ಪೊದೆ ಹಿಂದೆ ಒಂದು ಏಟು ಬೀಸ್ದೆ, ತಾಕಲಿಲ್ಲ. ಆಮೇಲೆ ಕೋಲು ಊರೋವಾಗ ಚೆಂಡು ಅಲುಗ್ತು, ಎರಡೂ ಏಟಿನ ಲೆಕ್ಕಾನೇ."

ಡಾಕ್ಟರು ಎಂದಿನಂತೆ "ಸರಿ" ಅಂದರು. ಗೆದ್ದ ಆಟವನ್ನು ಮಾವ ಸೋತರು. ನನಗೆ ಸಿಟ್ಟೇ ಬಂತು, ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಇವರ ಗಂಟೇನು ಹೋಗುತ್ತಿತ್ತು ಅನ್ನಿಸಿತು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. "ಗೆದ್ರಾ?"

"ಸೋತೆ ಕಣೇ. ಪೊದೆ ಹಿಂದೆ ಎರಡು ಏಟು ಹೋಯ್ತು. ಯಾರೂ ನೋಡ್ಲಿಲ್ಲ, ನಾನೇ ಹೇಳ್ದೆ."

ನಮ್ಮ ಹಿಂದೆಯೇ ಬಂದಿದ್ದ ಗಿರಿಯಪ್ಪ, ರೂಢಿಯಂತೆ ಸಾಕ್ಷಿ ಹೇಳಲು ಮುಂದೆ ಬಂದು, "ಅಕ್ಕಾ, ಅಲ್ಲಿ ಏನಾಯ್ತು ಅಂದ್ರೆ..." ಎಂದು ಶುರುಮಾಡಿದ.

"ನಿನ್ನ ಯಾರು ಕೇಳಿದ್ರಪ್ಪಾ?" ಅಂದರು ಅತ್ತೆ. "ಅವರು ಹೇಳಿದ್ರಲ್ಲ."

ಮಾವ ಕಾಲು ತೊಳೆಯುತ್ತೇನೆಂದು ಬಚ್ಚಲಿಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.